ಪಕ್ಕದ ಮನೆಯ ಟ್ಯಾಂಕಿನ ನೆರಳು

ತಾರಸಿಯ ಮೇಲೆ ಸೋಲಾರ್ ಹಾಕಿಸುವ ಬಗ್ಗೆ ನನ್ನನ್ನು ಕೇಳಲು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಸಂಡಿಗೆ ಕೊಳ್ಳಲು ಬಂದವರು ತಲೆಯೆತ್ತಿ ಹಲಗೆಗಳನ್ನು ನೋಡುತ್ತಾರೆ; ಎಷ್ಟಾಯಿತು, ಯಾವ ಕಂಪನಿ, ಎಷ್ಟು ವರ್ಷ ಬರುತ್ತೆ ಎಂದು ಶುರು ಮಾಡುತ್ತಾರೆ. ಕಂಪನಿಯ ಮಾತು ಕೊನೆಗಿರಲಿ, ನಿಮ್ಮ ಪಕ್ಕದ ಮನೆಯವರ ನೀರಿನ ಟ್ಯಾಂಕು ಎಲ್ಲಿದೆ, ಅದನ್ನು ಮೊದಲು ಹೇಳಿ, ಎನ್ನುತ್ತೇನೆ. ಅವರು ತಮಾಷೆಯೆಂದು ನಗುತ್ತಾರೆ. ಆಮೇಲೆ ಕೂರಿಸಿ ಈ ಕಥೆ ಹೇಳುತ್ತೇನೆ.

ಚಾಮರಾಜಪೇಟೆಯಲ್ಲಿ ನನ್ನದು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾರುವ ಕಸುಬು. ಶುರು ಮಾಡಿದ್ದು ಶ್ರೀರಾಂಪುರದ ವಠಾರದಲ್ಲಿ, ಎಲ್ಲರಿಗೂ ಸೇರಿ ಇದ್ದ ಒಂದು ಸಣ್ಣ ತಾರಸಿಯಲ್ಲಿ. ಒಣಗಿದ್ದನ್ನು ಡಬ್ಬಕ್ಕೆ ತುಂಬಿ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮನೆಮನೆಗೆ ಹೋಗುತ್ತಿದ್ದೆವು. ನಾವು ಎಂದರೆ ನಾನು ಮತ್ತು ವಠಾರದಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಅಕ್ಕ. ಒಡಹುಟ್ಟಿದವಳಲ್ಲ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಅಷ್ಟೆ. ಹಿಟ್ಟು ಕುದಿಸುವ ಕೈ ಅವಳದು, ಬೆಲೆ ಕುದುರಿಸುವ ಬಾಯಿ ನನ್ನದು. ಗಿರಾಕಿ ಕಡಿಮೆಗೆ ಕೇಳಿದಾಗ ತಕ್ಷಣ ಇಲ್ಲ ಎನ್ನಬಾರದು. ಒಂದು ಸಂಡಿಗೆ ಮುರಿದು ಅವರ ಕೈಗೆ ಕೊಟ್ಟು ಸುಮ್ಮನಿರಬೇಕು. ಕೈಯಲ್ಲಿ ಹಿಡಿದವರು ಹಿಂದಕ್ಕೆ ಕೊಡುವುದು ಕಷ್ಟ. ಈಗಲೂ ಅಂಗಡಿಯಲ್ಲಿ ಹೊಸಬರಿಗೆ ಇದನ್ನೇ ಕಲಿಸುತ್ತೇನೆ.

ಹೀಗೇ ಬೆಳೆದು ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆ ಕೊಂಡೆ. ಅಗಲ ಕಡಿಮೆ, ಉದ್ದ ಜಾಸ್ತಿ, ಈ ಪೇಟೆಯ ಎಲ್ಲ ಮನೆಗಳ ಹಾಗೆ. ಮನೆ ನೋಡಲು ಹೋದಾಗ ದಲ್ಲಾಳಿ ಹಾಲ್, ದೇವರ ಮನೆ ಎಂದು ತೋರಿಸುತ್ತಿದ್ದರೆ ನಾನು ಸೀದಾ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿದ್ದೆ. ನಾನು ಕೊಂಡಿದ್ದು ಮನೆಯನ್ನಲ್ಲ, ಅದರ ಮೇಲೆ ಬೀಳುವ ಬಿಸಿಲನ್ನು.

ತೊಂದರೆಯೆಂದರೆ ಆ ಬಿಸಿಲು ವರ್ಷಪೂರ್ತಿ ಇರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಶುರುವಾದರೆ ಮುಂಗಾರಿನ ತನಕ ಕೈತುಂಬ ಕೆಲಸ. ಮಳೆ ಹಿಡಿಯಿತೆಂದರೆ ಹಾಸಿದ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟು, ಕೆಲಸದ ಹೆಂಗಸರನ್ನೆಲ್ಲ ಮನೆಗೆ ಕಳಿಸುವುದು. ಅವರು ಗಾರ್ಮೆಂಟ್ಸಿಗೋ, ಮನೆಗೆಲಸಕ್ಕೋ, ಹೂ ಕಟ್ಟುವುದಕ್ಕೋ ಹೋಗುತ್ತಿದ್ದರು. ಮುಂದಿನ ಬೇಸಿಗೆಗೆ ಅರ್ಧ ಜನ ವಾಪಸ್ ಬರುತ್ತಿರಲಿಲ್ಲ. ಹೊಸಬರಿಗೆ ಮತ್ತೆ ಕಲಿಸಬೇಕು.

ಒಂದು ಮಳೆಗಾಲದ ಬಾಗಿಲಲ್ಲಿ ಅಕ್ಕ ಸೆರಗಿಗೆ ಕೈ ಒರೆಸುತ್ತ ಹೇಳಿದಳು: "ಶ್ರೀರಾಂಪುರದ ಹತ್ರ ಹೊಸ ಅಪಾರ್ಟ್‌ಮೆಂಟಲ್ಲಿ ಅಡುಗೆಗೆ ಕರೀತಿದಾರೆ. ವರ್ಷಪೂರ್ತಿ ಕೆಲಸ. ಈ ಸಲ ಹೋದ್ರೆ ನಾನು ಬರಲ್ಲ ಕಣೆ."

"ಇಷ್ಟು ದಿನದಿಂದ ಜೊತೆಗಿದೀವಿ, ಹಿಂಗಂದ್ರೆ ಹೆಂಗಕ್ಕ?"

"ಜೊತೆಗಿರೋದು ಸರಿ. ಮಳೆಗಾಲದಲ್ಲಿ ನನ್ನ ಹೊಟ್ಟೆ ಏನು ರಜಾ ಹಾಕತ್ತಾ?"

ಅವಳು ಹೋದರೆ ಅವಳು ಕರೆತಂದ ಹೆಂಗಸರೂ ಹೋಗುತ್ತಾರೆ. ಹಿಟ್ಟು ಯಾವಾಗ ಇಳಿಸಬೇಕೆಂದು ನನಗೂ ಗೊತ್ತು, ಆದರೆ ನಾನು ಇಳಿಸಿದ ಹಿಟ್ಟಿನ ಸಂಡಿಗೆ ಎಣ್ಣೆಯಲ್ಲಿ ಅವಳದರಷ್ಟು ಅರಳುವುದಿಲ್ಲ. ಎರಡು ವರ್ಷ ಟೈಮ್ ಕೊಡು, ಹನ್ನೆರಡು ತಿಂಗಳೂ ಕೆಲಸವಿರುವ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. "ಈ ಸಂಕ್ರಾಂತಿ ಬಿಟ್ಟು ಅದರಾಚೆ ಸಂಕ್ರಾಂತಿ ತನಕ ನೋಡ್ತೀನಿ," ಎಂದಳು. ಅವಳು ನನ್ನ ಜೊತೆ ಇದ್ದು ಚೌಕಾಸಿ ಕಲಿತವಳು. ಕೊಟ್ಟ ಗಡುವು ಬೆಳೆಸುವುದಿಲ್ಲ.

ಬಿಸಿಲಿಲ್ಲದೆ ಒಣಗಿಸುವುದಕ್ಕೆ ಯಂತ್ರವಿದೆ. ಕಬ್ಬಿಣದ ಬೀರುವಿನ ಹಾಗೆ, ಒಳಗೆ ತಟ್ಟೆಗಳ ಸಾಲು, ಬಿಸಿಗಾಳಿ ಊದುತ್ತದೆ. ಆದರೆ ಅದು ಕರೆಂಟು ಕುಡಿಯುವುದನ್ನು ನೋಡಿದರೆ, ಒಣಗಿದ ಸಂಡಿಗೆಯನ್ನು ಚಿನ್ನದಂಗಡಿಯಲ್ಲಿಟ್ಟು ಮಾರಬೇಕು. ಹಾಗಾಗಿ ಬೇರೆ ದಾರಿ ಹುಡುಕಿದೆ. ನಮ್ಮಲ್ಲಿ ದಿನಾ ರಾಶಿ ಬೂದುಗುಂಬಳದ ಸಿಪ್ಪೆ ತಿರುಳು ಬೀಳುತ್ತದೆ, ಅದರಿಂದ ಗ್ಯಾಸ್ ಮಾಡಬಹುದು ಎಂದು ಯಾರೋ ಹೇಳಿದರು. ಹಿತ್ತಲಲ್ಲಿ ಡ್ರಮ್ ಇಡಿಸಿದೆ. ಗ್ಯಾಸ್ ಬಂತು, ಒಂದು ಒಲೆಗೆ ಸಾಕಾಯಿತು, ಈಗಲೂ ಹಿಟ್ಟು ಕುದಿಸುವುದಕ್ಕೆ ಅದೇ. ಆದರೆ ಬೀರು ನಡೆಸುವಷ್ಟು ಬರಲಿಲ್ಲ. ಒಂದು ಎಕ್ಸಿಬಿಷನ್ನಿನಲ್ಲಿ ತಾರಸಿಗೆ ಹಾಕುವ ಗಾಳಿಯಂತ್ರ ನೋಡಿದೆ. ಮಾರುವವನನ್ನು ಕೇಳಿದೆ: "ನಿಮ್ಮ ಸ್ಟಾಲಲ್ಲಿ ಇದು ತಿರುಗ್ತಿರೋದು ಗಾಳಿಗಾ, ಹಿಂದಿರೋ ಟೇಬಲ್ ಫ್ಯಾನಿಗಾ?" ಆತ ಬೇರೆ ಗಿರಾಕಿಯ ಕಡೆ ತಿರುಗಿದ. ನಮ್ಮ ಪೇಟೆಯಲ್ಲಿ ಗಾಳಿ ಬೀಸುವುದು ಆಷಾಢದಲ್ಲಿ. ಅದೂ ಮನೆಗಳ ಸಂದಿಯಲ್ಲಿ ಸಿಕ್ಕಿ ಸುತ್ತುತ್ತದೆ. ತಾರಸಿಯೆಂದರೆ ಒಂದು ಪುಟ್ಟ ದೇಶದ ಹಾಗೆ. ಬಿಸಿಲು ಇಷ್ಟು, ಗಾಳಿ ಇಷ್ಟು, ಕಸ ಇಷ್ಟು. ದೊಡ್ಡ ದೇಶದವರು ಮಾಡಿದ್ದನ್ನು ನೋಡಿ ಕುಣಿಯಬಾರದು, ನಮ್ಮ ಹತ್ತಿರ ಏನು ಸುಮ್ಮನೆ ಬಿದ್ದು ಹೋಗುತ್ತಿದೆ ನೋಡಬೇಕು. ನನ್ನ ಹತ್ತಿರ ಬಿಸಿಲು ಬಿದ್ದು ಹೋಗುತ್ತಿತ್ತು. ಮಳೆಗಾಲದ ಮೋಡದಲ್ಲೂ ಸೋಲಾರ್ ಹಲಗೆಗೆ ಅಷ್ಟಿಷ್ಟು ಸಿಗುತ್ತದೆ. ಚಳಿಗಾಲದಲ್ಲಂತೂ ಆಕಾಶ ತಿಳಿಯಾಗಿರುತ್ತದೆ, ಸಂಡಿಗೆ ಒಣಗಿಸುವಷ್ಟು ಕಾವಿಲ್ಲದಿದ್ದರೂ ಕರೆಂಟಿಗೆ ಬೆಳಕು ಸಾಕು.

ಹಲಗೆ ಹಾಕುವವರು ಬಂದರು. ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಬಂದದ್ದು ಚೈತ್ರದಲ್ಲಿ, ತಾರಸಿಯ ತುಂಬ ಸಬ್ಬಕ್ಕಿ ಸಂಡಿಗೆ ಹರಡಿತ್ತು. ಅವರು ಕೊಟ್ಟ ಲೆಕ್ಕದಲ್ಲಿ 'ನೆರಳಿನ ಪರೀಕ್ಷೆ' ಎಂದು ಒಂದು ಖರ್ಚಿತ್ತು. ಇದೇನು ಎಂದೆ.

"ವರ್ಷದ ಯಾವ ತಿಂಗಳು ಎಲ್ಲಿ ನೆರಳು ಬೀಳತ್ತೆ ಅಂತ ನೋಡ್ಬೇಕಮ್ಮಾ."

"ನನ್ನ ತಾರಸಿ ಬಿಸಿಲು ನನಗೇ ತೋರಿಸಿ ದುಡ್ಡು ತಗೋತೀರಾ? ಎಷ್ಟು ಹೊತ್ತಿಗೆ ಯಾವ ಕಲ್ಲಿನ ಮೇಲೆ ಬಿಸಿಲಿರತ್ತೆ, ಕಣ್ಣು ಮುಚ್ಕೊಂಡು ಹೇಳ್ತೀನಿ. ಅದನ್ನ ತೆಗೀರಿ."

ಅವರು ತೆಗೆದರು. ಹಲಗೆ ಕೂರಿಸುವ ಕಂಬಿಯ ಲೆಕ್ಕದಲ್ಲೂ ಒಂದಿಷ್ಟು ಇಳಿಸಿದರು. ಅಂದು ಸಂಜೆ ನನಗೆ ಬಹಳ ಸಮಾಧಾನವಾಗಿತ್ತು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಸಂಡಿಗೆಯವರಿಗೆ ಬಿಸಿಲು ಗೊತ್ತು. ಆದರೆ ಯಾವ ಬಿಸಿಲು? ಫಾಲ್ಗುಣದಿಂದ ವೈಶಾಖದವರೆಗಿನದು. ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳೆಂಬುದು ಕಾಲಡಿಯಲ್ಲೇ ಮುದುರಿಕೊಂಡಿರುತ್ತದೆ. ಕಾರ್ತಿಕ, ಮಾರ್ಗಶಿರದ ಮಧ್ಯಾಹ್ನ ನಾನಾಗಲಿ ಅಕ್ಕನಾಗಲಿ ತಾರಸಿಯಲ್ಲಿ ನಿಂತವರೇ ಅಲ್ಲ. ಹಾಳೆ ಸುತ್ತಿಟ್ಟ ಮೇಲೆ ಅಲ್ಲಿ ನಮಗೇನು ಕೆಲಸ?

ದೀಪಾವಳಿ ಮುಗಿಯಿತು. ಹಲಗೆಗಳ ಜೊತೆಗೇ ಕೊಂಡ ಬೀರು ಅಷ್ಟರಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಮಳೆಗಾಲದ ತಿಂಗಳುಗಳಲ್ಲೂ ಯಾರನ್ನೂ ಮನೆಗೆ ಕಳಿಸಿರಲಿಲ್ಲ. ಚಳಿ ಶುರುವಾದ ಮೇಲೆ ಮೋಡವಿಲ್ಲ, ಇನ್ನೂ ಚೆನ್ನಾಗಿ ಆಗಬೇಕಿತ್ತು. ಆದರೆ ಮಧ್ಯಾಹ್ನ ಊಟ ಮುಗಿಯುತ್ತಿದ್ದ ಹಾಗೆ ಹಲಗೆಗಳಿಂದ ಬರುವ ಕರೆಂಟು ಬಿದ್ದುಹೋಗತೊಡಗಿತು. ಲೈನಿನ ಕರೆಂಟಿಗೆ ಹಾಕಿದರೆ ಬಿಲ್ಲು ಏರುತ್ತಿತ್ತು; ಬೀರನ್ನು ಆರಿಸಿದರೆ ಒಳಗಿನ ಸಂಡಿಗೆ ಅರೆ ಒಣಗಿ ಉಳಿಯುತ್ತಿತ್ತು. ಅಕ್ಕ ಒಂದು ತಟ್ಟೆ ಎಳೆದು ಮೂಗಿನ ಹತ್ತಿರ ಹಿಡಿದಳು.

"ಮುಗ್ಗಲು. ಇದನ್ನ ನಾನು ನಮ್ಮದು ಅನ್ನಲ್ಲ."

"ಒಂದೆರಡು ದಿನ ನೋಡೋಣ ಇರಕ್ಕ."

"ನೋಡು. ಸಂಕ್ರಾಂತಿ ಎಲ್ಲಿಗೂ ಓಡಿ ಹೋಗಲ್ಲ, ಇತ್ತಲಾಗೇ ಬರ್ತಿದೆ."

ಮೇಲೆ ಹತ್ತಿ ನೋಡಿದೆ. ನಮ್ಮ ದಕ್ಷಿಣಕ್ಕೆ ಅಂಟಿಕೊಂಡಂತೆ ಮೇಷ್ಟ್ರ ಮನೆ. ನಿವೃತ್ತರಾಗಿ ಬಹಳ ದಿನವಾದರೂ ಬೀದಿಗೆಲ್ಲ ಅವರು ಮೇಷ್ಟ್ರೇ. ಸಂಜೆ ಹೊತ್ತು ಅವರ ವರಾಂಡದ ತುಂಬ ಲೆಕ್ಕ ಹೇಳಿಸಿಕೊಳ್ಳುವ ಮಕ್ಕಳ ಚಪ್ಪಲಿ. ಅವರ ತಾರಸಿ ನಮ್ಮದಕ್ಕಿಂತ ಎತ್ತರ. ಅದರ ನೈಋತ್ಯ ಮೂಲೆಯಲ್ಲಿ ನಾಲ್ಕು ಕಂಬದ ಮೇಲೆ ಎರಡು ಕರೀ ಟ್ಯಾಂಕು, ದೇವಸ್ಥಾನದ ನಗಾರಿಗಳ ಹಾಗೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಸರಿಯಾಗಿ ಅವುಗಳ ಹಿಂದೆ ಹೋಗಿ ಕೂತಿದ್ದ. ನೆರಳು ಅವರ ತಾರಸಿಯನ್ನು ದಾಟಿ ನನ್ನ ಹಲಗೆಗಳ ಮೇಲೆ ಮಲಗಿತ್ತು. ಎರಡು ಹಲಗೆಗೆ ನೆರಳಾದರೆ ಸಾಕು, ಒಂದೇ ಸಾಲಿಗೆ ಕಟ್ಟಿದ ಉಳಿದವೂ ಮಂಕಾಗುತ್ತವೆ. ಇದನ್ನು ಹಲಗೆಯವರು ಫೋನಿನಲ್ಲಿ ಹೇಳಿದರು. ಪರೀಕ್ಷೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಲಗೆಗಳನ್ನು ಉತ್ತರಕ್ಕೆ ಸರಿಸೋಣವೆಂದರೆ ಆ ಭಾಗ ಹಳೇ ಮದ್ರಾಸ್ ತಾರಸಿ, ಮರದ ತೊಲೆಯ ಮೇಲೆ ಇಟ್ಟಿಗೆ ಗಾರೆ. ಅಷ್ಟು ಭಾರ ತಡೆಯುವುದಿಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ನನಗೆ ಗೊತ್ತಿರುವ ನಿಯಮ ಒಂದೇ: ಎದುರಿನವರಿಗೆ ಏನು ಬೇಕೆಂದು ತಿಳಿಯುವ ತನಕ ನಿನಗೇನು ಬೇಕೆಂದು ಹೇಳಬೇಡ. ಕಾಫಿ ಕುಡಿಯುತ್ತ ಮನೆಗೆ ಬಣ್ಣ ಹೊಡೆಸುತ್ತೀರಾ ಎಂದೆ, ಬೇಡ. ಸಂಪು ಸೋರುತ್ತಿದೆಯಾ ಎಂದೆ, ಇಲ್ಲ. ಕೊನೆಗೆ ಟ್ಯಾಂಕಿನ ವಿಷಯಕ್ಕೆ ಬಂದೆ. ಇಳಿಸಿದರೆ ಖರ್ಚೆಲ್ಲ ನನ್ನದು ಎಂದೆ.

"ನೋಡಿಮ್ಮಾ, ನೈಋತ್ಯ ಎತ್ತರ ಇರ್ಬೇಕು, ಭಾರ ಇರ್ಬೇಕು. ಅದನ್ನ ಅಲ್ಲಾಡಿಸಬಾರದು."

"ವಾಸ್ತು ನಾನೂ ನಂಬ್ತೀನಿ ಮೇಷ್ಟ್ರೇ. ಅದಕ್ಕೇನಾದ್ರೂ ಪರಿಹಾರ..."

"ಅಮ್ಮಾ, ನೀವು ತರಕಾರಿ ಅಂಗಡೀಲಿ ಮಾತಾಡಿದ ಹಾಗೆ ಮಾತಾಡ್ತಿದೀರ. ನನಗೇನೂ ಬೇಡ. ನಾನೇನು ಕೇಳಲಿ ನಿಮ್ಮನ್ನ?"

ಏನೂ ಬೇಡದವರ ಜೊತೆ ವ್ಯಾಪಾರ ಮಾಡುವುದಕ್ಕಾಗುವುದಿಲ್ಲ. ಅಕ್ಕಿಪೇಟೆಯಲ್ಲಿ ಸಬ್ಬಕ್ಕಿ ಮಾರುವ ಸೇಟು ಬಾಯಿಗೆ ಬಂದ ಹಾಗೆ ಬೈದರೂ ಬೈಯುತ್ತ ಬೆಲೆ ಇಳಿಸುತ್ತಾರೆ. ಇವರು ಮರ್ಯಾದೆಯಾಗಿ ಎರಡನೇ ಲೋಟ ಕಾಫಿ ಕೊಡಿಸಿ ಬಾಗಿಲ ತನಕ ಬಂದು ಕಳಿಸಿದರು. ಮುಂದಿನ ವಾರ ಅವರಿಗಿಷ್ಟವಾದ ಬಾಳಕದ ಮೆಣಸಿನಕಾಯಿ ಡಬ್ಬ ಹಿಡಿದು ಹೋದೆ. ಡಬ್ಬದ ಬೆಲೆ ಮೇಜಿನ ಮೇಲಿಟ್ಟು ತೆಗೆದುಕೊಂಡರು.

ಧನುರ್ಮಾಸ ಬಂತು. ಬೀರು ಅರ್ಧ ದಿನ ನಡೆಯುತ್ತಿತ್ತು. ಹೆಂಗಸರಲ್ಲಿ ಇಬ್ಬರನ್ನು ನಾಳೆ ಬರಬೇಡಿ ಎನ್ನಬೇಕಾಯಿತು. ಒಂದು ದಿನ ಅಪಾರ್ಟ್‌ಮೆಂಟಿನವರ ಫೋನ್ ಬಂದಾಗ ಅಕ್ಕ ನನ್ನ ಎದುರಿಗೇ, "ಹಬ್ಬ ಆಗ್ಲಿ, ಹೇಳ್ತೀನಿ," ಎಂದಳು. ನನಗೆ ಕೇಳಲಿ ಎಂದೇ ಹೇಳಿದ್ದು.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ತಾರಸಿಯಲ್ಲಿ ನಿಂತು ಆ ನೆರಳು ಹಲಗೆಯಿಂದ ಹಲಗೆಗೆ ಸರಿಯುವುದನ್ನು ನೋಡುತ್ತಿದ್ದೆ. ಮೇಲೆ ಪಕ್ಕದ ಪ್ಯಾರಪೆಟ್ಟಿನಿಂದ ಮೇಷ್ಟ್ರ ಹೆಂಡತಿ ಬಗ್ಗಿ ನೋಡಿದರು. ಕೈಯಲ್ಲಿ ಒದ್ದೆ ಬಟ್ಟೆ.

"ಏನ್ರೀ, ಸಂಡಿಗೆ ಇಲ್ದೇ ಇರೋ ಟೈಮಲ್ಲಿ ಮೇಲೆ?"

"ನಿಮ್ಮ ಟ್ಯಾಂಕ್ ನೋಡ್ತಿದೀನಿ ಅಮ್ಮಾ. ಇಷ್ಟೆತ್ತರಕ್ಕೆ ಯಾಕೆ ಏರಿಸಿದ್ರಿ? ನೈಋತ್ಯ ಎತ್ತರ ಅಂದ್ರೂ ಒಂದಾಳು ಎತ್ತರ ಸಾಕಿತ್ತಲ್ಲ."

"ವಾಸ್ತೂಗಲ್ಲ ಕಣ್ರೀ. ಬಿಸಿನೀರಿಗೆ." ಅವರು ಮೆಟ್ಟಿಲು ಕೋಣೆಯ ನೆತ್ತಿಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ಸೋಲಾರ್ ಬಿಸಿನೀರಿನ ಯಂತ್ರವಿತ್ತು, ಗಾಜಿನ ಕೊಳವೆಗಳು, ಮೇಲೊಂದು ಉದ್ದದ ಡ್ರಮ್. "ಅದಕ್ಕೆ ನೀರು ತಾನಾಗೇ ಇಳೀಬೇಕಂದ್ರೆ ಟ್ಯಾಂಕು ಅದಕ್ಕಿಂತ ಮೇಲಿರ್ಬೇಕಂತೆ. ಅದು ಅಲ್ಲಿ ಹತ್ತಿ ಕೂತಿದೆ, ಅದಕ್ಕೆ ಟ್ಯಾಂಕೂ ಹತ್ತಿತು."

"ಅದನ್ನ ಕೆಳಗೆ ತಾರಸಿ ಮೇಲೇ ಇಡಬಹುದಿತ್ತಲ್ಲ?"

"ತಾರಸಿ ಖಾಲಿ ಬಿಡಿ ಅಂತ ನಾನೇ ಜಗಳ ಆಡಿದ್ದೆ."

"ಯಾಕಮ್ಮಾ?"

"ಸಂಡಿಗೆ ಇಡಕ್ಕೆ, ಇನ್ಯಾಕೆ?"

ನಾನು ನಮ್ಮ ಮೋಟುಗೋಡೆ ಹತ್ತಿ ಅವರ ತಾರಸಿಯನ್ನು ಇಣುಕಿ ನೋಡಿದೆ. ಗುಡಿಸಿದ, ಬರಿದಾದ ನೆಲ. ಒಂದು ಬಟ್ಟೆಹಗ್ಗ ಬಿಟ್ಟರೆ ಏನೂ ಇಲ್ಲ.

"ಈಗ ಇಡ್ತೀರಾ?"

ಅವರು ಬಟ್ಟೆ ಹಿಂಡುತ್ತ ನಕ್ಕರು. "ನೀವು ಪಕ್ಕಕ್ಕೆ ಬಂದ್ಮೇಲೆ ನಾನ್ಯಾಕ್ರೀ ಕೈ ಸುಟ್ಕೊಳ್ಳಲಿ? ವರ್ಷಾ ವರ್ಷಾ ನಿಮ್ಮ ಹತ್ರಾನೇ ತರಿಸ್ತೀನಲ್ಲ."

ಅವರಿಗೆ ಸಂಡಿಗೆ ಮಾರಿ ಮಾರಿ ಆ ನೆಲವನ್ನು ಬರಿದು ಮಾಡಿದ್ದು ನಾನೇ. ಆ ಬರಿದಾದ ನೆಲಕ್ಕಾಗಿ ಯಂತ್ರ ಮೇಲೆ, ಯಂತ್ರಕ್ಕಾಗಿ ಟ್ಯಾಂಕು ಅದಕ್ಕೂ ಮೇಲೆ, ಟ್ಯಾಂಕಿನ ನೆರಳು ನನ್ನ ಮೇಲೆ. ಅವರ ಸ್ನಾನವೂ ಬಿಸಿಲಿನಿಂದ, ನನ್ನ ಬೀರೂ ಬಿಸಿಲಿನಿಂದ. ಒಂದೇ ಬಿಸಿಲನ್ನು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎಳೆದಾಡುತ್ತಿದ್ದೆವು.

ಆ ಸಂಜೆ ಅವರ ಮನೆಗೆ ಮತ್ತೆ ಹೋದೆ, ಈ ಸಲ ಡಬ್ಬವಿಲ್ಲದೆ. ಯಂತ್ರವನ್ನು ತಾರಸಿಗೆ ಇಳಿಸುವುದು. ಆಗ ಟ್ಯಾಂಕುಗಳೂ ಅದೇ ಮೂಲೆಯಲ್ಲೇ ಒಂದು ಮಹಡಿಯಷ್ಟು ಕೆಳಗೆ ಬರಬಹುದು. ಬಿಸಿನೀರು ಈಗಿನಂತೆಯೇ ಬರುತ್ತದೆ. ಪ್ಲಂಬರು, ಕೊಳವೆ, ವೆಲ್ಡಿಂಗು ಎಲ್ಲ ನನ್ನದು. ಮೇಷ್ಟ್ರು ಒಂದು ಕಾಗದ ತೆಗೆದು ಚಿತ್ರ ಬರೆದು, ಎತ್ತರಗಳನ್ನು ಗುರುತು ಹಾಕಿ, ತಲೆ ಅಲ್ಲಾಡಿಸಿದರು.

"ಟ್ಯಾಂಕು ಇಳಿದ್ರೆ ಆಗ್ನೇಯದ ಮೆಟ್ಟಿಲು ಕೋಣೆ ಅದಕ್ಕಿಂತ ಎತ್ತರ ಆಗತ್ತೆ. ನೈಋತ್ಯ ಸೋತ ಹಾಗಾಯ್ತು."

"ಭಾರ ಅಲ್ಲೇ ಇರತ್ತಲ್ಲ ಮೇಷ್ಟ್ರೇ."

"ಭಾರ ಬೇರೆ, ಎತ್ತರ ಬೇರೆ."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ನಿಮ್ಮಣ್ಣನ ಮನೇಲಿ ನೈಋತ್ಯಕ್ಕೆ ಒಂದು ಪೈಪ್ ನಿಲ್ಲಿಸಿ ಎತ್ತರ ಅಂತ ಮಾಡ್ಕೊಂಡಿಲ್ವಾ? ಅವರ ಮನೆ ಬಿದ್ದೋಯ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಗ ನನಗೆ ಗೊತ್ತಾಯಿತು, ವ್ಯಾಪಾರ ಕುದುರಿತು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಂಡೆ.

"ಪೈಪು ಮೆಟ್ಟಿಲು ಕೋಣೆಗಿಂತ ಮೇಲೆ ಹೋಗ್ಬೇಕು," ಎಂದರು ಕೊನೆಗೆ.

"ಹೋಗ್ಲಿ. ಆದ್ರೆ ದಪ್ಪ ಬೇಡ."

"ಗಾಳಿಗೆ ಬಾಗಬಾರದಲ್ಲಮ್ಮಾ, ಹಿಡಿಗಾತ್ರ ಇರ್ಲಿ."

"ಹಿಡಿಗಾತ್ರ ಯಾಕೆ ಮೇಷ್ಟ್ರೇ? ಹೆಬ್ಬೆರಳು ದಪ್ಪ ಸಾಕು. ವಾಸ್ತು ಎತ್ತರ ಕೇಳತ್ತೆ, ದಪ್ಪ ಎಲ್ಲಿ ಕೇಳತ್ತೆ?"

ಅವರು ಎರಡು ಬೆರಳು ಎಂದರು. ಒಂದೂವರೆ ಎಂದೆ. ಬೆಲೆ ಬಿಟ್ಟು ಬೇರೆಯದಕ್ಕೆ ನಾನು ಚೌಕಾಸಿ ಮಾಡಿದ್ದು ಅದೇ ಮೊದಲು. ಅವರ ಹೆಂಡತಿಯದೂ ಒಂದು ಶರತ್ತು ಬಂತು: ತಮ್ಮ ತಾರಸಿ ಹೋಯಿತಲ್ಲ, ಬರುವ ಬೇಸಿಗೆಯಲ್ಲಿ ಮನಸ್ಸಾದರೆ ನನ್ನ ತಾರಸಿಯಲ್ಲಿ ಒಂದು ಹಾಳೆಯ ಜಾಗ ಕೊಡಬೇಕು. ಕೊಟ್ಟೆ.

ಪ್ಲಂಬರು ಹಬ್ಬದ ನೆಪ ಹೇಳಿ ಎಳೆದ. ಬೆನ್ನು ಬಿಡದೆ ಕರೆತಂದು ಕೆಲಸ ಮಾಡಿಸಿ ಮುಗಿಸಿದೆ. ಯಂತ್ರವಿಳಿಯಿತು, ಟ್ಯಾಂಕುಗಳಿಳಿದವು, ಕಂಬಗಳನ್ನು ಕತ್ತರಿಸಿದ್ದಾಯಿತು. ಮೂಲೆಯಲ್ಲಿ ತೆಳ್ಳನೆಯ ಕಬ್ಬಿಣದ ಪೈಪು ನಿಂತಿತು. ಮೇಷ್ಟ್ರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿಸಿದರು.

ಸಂಕ್ರಾಂತಿಯ ದಿನ ಎಳ್ಳು ಬೀರುವುದಕ್ಕೆ ಅಕ್ಕ ಬಂದಳು. ತಟ್ಟೆ ಕೈಗಿಟ್ಟು ಕೂರಲಿಲ್ಲ, ಸೀದಾ ಮೇಲೆ ಹತ್ತಿದಳು. ನಾನೂ ಹಿಂದೆ ಹೋದೆ. ಮಧ್ಯಾಹ್ನ ಇಳಿಯುತ್ತಿತ್ತು. ಹಲಗೆಗಳೆಲ್ಲ ಬಿಸಿಲಲ್ಲಿ ಹೊಳೆಯುತ್ತಿದ್ದವು. ಪೈಪಿನ ನೆರಳು ಒಂದು ಹಲಗೆಯ ಮೇಲೆ ಕರೀ ದಾರದಂತೆ ಬಿದ್ದಿತ್ತು.

"ಇದೇನು?"

"ಮೇಷ್ಟ್ರ ನೈಋತ್ಯ."

ಅವಳು ಬಗ್ಗಿ ಆ ದಾರದ ಮೇಲೆ ಬೆರಳಿಟ್ಟು ಅಳೆದಳು. "ಇದಕ್ಕೆ ಕರೆಂಟು ಕಮ್ಮಿ ಆಗಲ್ವಾ?"

"ಸ್ವಲ್ಪ ಆಗತ್ತೆ."

"ನೀನು ಅಷ್ಟು ಬಿಟ್ಟುಕೊಟ್ಟು ಬಂದ್ಯಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಕೆಳಗೆ ಬೀರು ಗುಂಯ್‌ಗುಡುತ್ತಿತ್ತು. ಹಬ್ಬದ ದಿನವೂ ಒಂದು ಹೊರೆ ಹಾಕಿದ್ದೆ, ಅವಳು ನೋಡಲಿ ಎಂದೇ. ಅವಳು ಇಳಿದು ಹೋಗಿ ಒಂದು ತಟ್ಟೆ ಎಳೆದು, ಸಂಡಿಗೆಯೊಂದನ್ನು ಮುರಿದು, ಸದ್ದು ಕೇಳಿ, ಮೂಸಿದಳು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು:

"ಆ ಇಬ್ಬರು ಹೆಂಗಸರಿಗೆ ನಾಳೆಯಿಂದ ಬನ್ನಿ ಅಂತ ನೀನು ಹೇಳ್ತೀಯೋ, ನಾನು ಹೇಳ್ಲೋ?"

ನೀನೇ ಹೇಳು ಎಂದೆ.

ಹಾಗಾಗಿ ನಾನು ಹೇಳುವುದು ಇಷ್ಟೆ. ನೆರಳಿನ ಪರೀಕ್ಷೆಗೆ ದುಡ್ಡು ಕೇಳಿದರೆ ಕೊಡಿ, ಅದರಲ್ಲಿ ಚೌಕಾಸಿ ಬೇಡ. ಕೊಡಲು ಮನಸ್ಸಿಲ್ಲದಿದ್ದರೆ ಮಾರ್ಗಶಿರದಲ್ಲಿ ಒಂದು ಮಧ್ಯಾಹ್ನ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂರಿ, ನೆರಳು ಎಲ್ಲಿಂದ ಬರುತ್ತದೆಂದು ನೀವೇ ನೋಡಿ. ಅದು ಪಕ್ಕದ ಮನೆಯಿಂದ ಬಂದರೆ ಯಜಮಾನರ ಹತ್ತಿರ ಆಮೇಲೆ ಹೋಗಿ. ಮೊದಲು ಅವರ ಮನೆಯಲ್ಲಿ ಬಟ್ಟೆ ಒಣಹಾಕುವವರು ಯಾರೋ ಅವರನ್ನು ಮಾತಾಡಿಸಿ.